ಸಹಾಯ ಬೇಕು: ನ್ನು ಈಗೊ ಒಲಿಯದಿರುವುದು ಪ್ರತಿಭಟನೆಯೇ?

ನೈಜೀರಿಯಾದ ಬುಚಿ ಎಮೆಚೆಟಾ ಅವರ ‘ದಿ ಜಾಯ್ಸ್ ಆಫ್ ಮದರ್‌ಹುಡ್’ (1979) ಕುರಿತು ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಕಾದಂಬರಿಯ ಮುಕ್ತಾಯದಲ್ಲಿ ಸಿಕ್ಕಿಕೊಂಡು ಮುಂದೆ ಹೋಗಲಾಗುತ್ತಿಲ್ಲ.

ಲಾಗೋಸಿನಲ್ಲಿ ಕಥಾನಾಯಕಿ ನ್ನು ಈಗೊ ಹೊಟ್ಟೆ ಬಟ್ಟೆ ಕಟ್ಟಿ ಗಂಡುಮಕ್ಕಳನ್ನು ಓದಿಸುತ್ತಾಳೆ. ಒಬ್ಬ ಅಮೆರಿಕಕ್ಕೆ, ಇನ್ನೊಬ್ಬ ಕೆನಡಾಕ್ಕೆ ಹೋಗುತ್ತಾನೆ. ಆಕೆ ದಾರಿಬದಿಯಲ್ಲಿ ಒಬ್ಬಂಟಿಯಾಗಿ ಸಾಯುತ್ತಾಳೆ. ಆಮೇಲೆ ಅವಳ ಹೆಸರಿನಲ್ಲಿ ಗುಡಿ ಕಟ್ಟುತ್ತಾರೆ. ಆದರೆ ಮಕ್ಕಳಿಗಾಗಿ ಬೇಡಿದವರಿಗೆ ಅವಳು ಒಲಿಯುವುದಿಲ್ಲ. ಓದಿದಾಗಲೆಲ್ಲ ಕರುಳು ಹಿಂಡುವ ಮಾತಿದು.

ಇದನ್ನು ಪ್ರತಿಭಟನೆ ಎಂದು ಬರೆದೆ. ಮಾರ್ಗದರ್ಶಕರು ಒಪ್ಪಲಿಲ್ಲ, ನ್ಯಾಯಾಲಯದಲ್ಲಿ ಗಂಡನೇ ತನ್ನ ಒಡೆಯನೆಂದು ಹೇಳಿದವಳು ಅವಳಲ್ಲವೇ ಎಂದರು. ಅದೂ ನಿಜ. ಸವತಿ ಅಡಾಕು ಮಾತ್ರ ಮನೆ ಬಿಟ್ಟು ಹೊರಟು ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುತ್ತಾಳೆ. ಅದೇ ವರ್ಷ ಬಂದ ಸೆನೆಗಲ್‌ನ ಮರಿಯಾಮಾ ಬಾ ಅವರ ಕಾದಂಬರಿಯನ್ನೂ ಪಕ್ಕದಲ್ಲಿಟ್ಟು ಓದಿದೆ. ಅಲ್ಲಿ ವಿಧವೆ ರಾಮತುಲಾಯ್ ಗಂಡನ ಅಣ್ಣನ ಮದುವೆಯ ಪ್ರಸ್ತಾಪವನ್ನು ಮುಖಕ್ಕೆ ಹೊಡೆದಂತೆ ತಿರಸ್ಕರಿಸುತ್ತಾಳೆ, ಅನುಮಾನಕ್ಕೆ ಎಡೆಯೇ ಇಲ್ಲ. ನ್ನು ಈಗೊಳದ್ದು ಹಾಗಲ್ಲ. ಅವಳಿ ಹೆಣ್ಣುಮಕ್ಕಳು ಹುಟ್ಟಿದಾಗ, ಯಾರ ಬಾಲವೂ ಆಗದ ಪೂರ್ಣ ಹೆಣ್ಣನ್ನು ಯಾವಾಗ ಸೃಷ್ಟಿಸುತ್ತೀಯೆ ಎಂದು ದೇವರನ್ನು ಕೇಳಿದ್ದೂ ಅವಳೇ!

ಕಾದಂಬರಿ ಓದಿದವರು ತಿಳಿಸಿ: ಆ ಪ್ರಾರ್ಥನೆಯಿಂದ ಈ ಮುಕ್ತಾಯದವರೆಗೆ, ನ್ಯಾಯಾಲಯದ ಮಾತನ್ನೂ ಒಳಗೊಂಡು, ಪ್ರತಿಭಟನೆಯ ಓದನ್ನು ಸಮರ್ಥಿಸುವ ಬೇರೆ ಯಾವ ಸನ್ನಿವೇಶವಿದೆ?