ನದಿ ನೀರಿನ ಪ್ರಶ್ನೆ ಇದ್ರೆ ಇಲ್ಲಿ ಕೇಳಿ: ಪರಿಸರ ಇಂಜಿನಿಯರ್ ಶೈಲಜಾ ಮೇಡಂ ಉತ್ತರ

ಮಂಜುನಾಥ: ಮೇಡಂ ನಮಸ್ತೆ. ಮೇಲ್ಗಡೆ ಟೌನಿಗೆ ಸರ್ಕಾರ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಕಟ್ಟಿದ್ಮೇಲೆ ಹೊಳೆ ವಾಸನೆ ಹೋಯ್ತು, ನೀರು ಹಸಿರಾಗಿದೆ ಅಷ್ಟೇ. ಮಧ್ಯಾಹ್ನ ಸ್ಯಾಂಪಲ್ ತಗೊಂಡೋರು ಆಕ್ಸಿಜನ್ 9 ಇದೆ, ಚೆನ್ನಾಗಿದೆ ಅಂದ್ರು. ಆದ್ರೆ ಬೆಳಗಿನ ಜಾವ ಮೀನು ಸತ್ತು ತೇಲ್ತಿವೆ, ಯಾಕೆ?

ಶೈಲಜಾ: ಆ 9 ನೋಡೇ ನಂಗೆ ಅನುಮಾನ. 30 ಡಿಗ್ರಿ ಬಿಸಿ ನೀರಲ್ಲಿ ಗಾಳಿಯಿಂದ ಕರಗೋ ಆಕ್ಸಿಜನ್ ಲೀಟರಿಗೆ ಏಳೂವರೆ ಮಿಲಿಗ್ರಾಂ, ಮಿಕ್ಕಿದ್ದು ಪಾಚಿದು. ಎಸ್‌ಟಿಪಿ ಬಿಒಡಿ (ನೀರಲ್ಲಿರೋ ಕೊಳೆ ಕರಗಿಸೋಕೆ ಬ್ಯಾಕ್ಟೀರಿಯಾ ಬಳಸೋ ಆಕ್ಸಿಜನ್) ಇಳಿಸತ್ತೆ, ಆದ್ರೆ ಸಾರಜನಕ, ರಂಜಕ ತೆಗೆಯೋಕೆ ಬೇರೆ ವ್ಯವಸ್ಥೆ ಇಲ್ದಿದ್ರೆ ಬಹುಪಾಲು ಹೊಳೆಗೇ ಬರತ್ತೆ, ಪಾಚಿ ಅದನ್ನೇ ತಿಂದು ಬೆಳಿಯತ್ತೆ. ಹಗಲು ಆಕ್ಸಿಜನ್ ಬಿಟ್ಟಿದ್ದನ್ನ ರಾತ್ರಿಯಿಡೀ ತಾನೇ ಉಸಿರಾಡಿ ಖಾಲಿ ಮಾಡತ್ತೆ, ಸೂರ್ಯ ಹುಟ್ಟೋ ಮುಂಚೆ ತೀರಾ ಕಮ್ಮಿ. ಬೆಳಗಿನ 5 ಗಂಟೆಗೆ ಡಿಒ (ನೀರಲ್ಲಿ ಕರಗಿರೋ ಆಕ್ಸಿಜನ್) ಅಳೆಸಿ, ಅಮೋನಿಯಾ, ಪಿಹೆಚ್ ಕೂಡ. ಎಸ್‌ಟಿಪಿ ನೀರು ಬೀಳೋ ಜಾಗದಲ್ಲಿ ಉಳಿಕೆ ಕ್ಲೋರಿನ್ನೂ ನೋಡಿಸಿ, ಅದು ಹೆಚ್ಚಾದ್ರೂ ಮೀನು ಸಾಯತ್ತೆ. ಸತ್ತ ಮೀನು ಯಾರೂ ತಿನ್ಬೇಡಿ, ನೀಲಿ-ಹಸಿರು ಪಾಚಿ ಕೆಲವು ವಿಷ, ದನಕ್ಕೂ ಸದ್ಯ ಕುಡಿಸ್ಬೇಡಿ.

ರೇಖಾ: ಬೆಲ್ಲ, ನಿಂಬೆ ಸಿಪ್ಪೆ ಮೂರು ತಿಂಗಳು ಕೊಳೆಸಿ ಹೊಳೆಗೆ ಹಾಕಿದ್ರೆ ಶುದ್ಧ ಆಗತ್ತಂತೆ, ಫಾರ್ವರ್ಡ್ ಬಂದಿದೆ. ನಮ್ ಸಂಘದಿಂದ 200 ಲೀಟರ್ ರೆಡಿ.

ಶೈಲಜಾ: ದಯವಿಟ್ಟು ಹಾಕ್ಬೇಡಿ. ಅದು ಹುಳಿ, ಅದರ ಬಿಒಡಿ ಚರಂಡಿ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಇರೋ ಆಕ್ಸಿಜನ್ನೂ ಹೋಗತ್ತೆ. ಬೇಕಾದ್ರೆ ಅದ್ರಲ್ಲಿ ಮನೆ ನೆಲ ಒರೆಸಿ.

ರೇಖಾ: ಎಷ್ಟೊಂದು ಜನ ಶೇರ್ ಮಾಡಿದಾರೆ ಮೇಡಂ

ಶೈಲಜಾ: ಶೇರ್ ಮಾಡಿದ್ರೆ ಬಿಒಡಿ ಇಳಿಯಲ್ಲ.

ಸವಿತಾ: ಹೊಳೆ ಪಕ್ಕದ ಬಾವಿ ನೀರು ಕುಡೀಬೋದಾ?

ಪ್ರಕಾಶ್: ಎಲ್ಲಾ ದುಡ್ಡು ಹೊಡೆಯೋ ಸ್ಕೀಮು. 1986ರಿಂದ ಗಂಗೆ ತೊಳೀತಾನೇ ಇದಾರೆ.

ಹರೀಶ್: ಸುಮ್ನೆ ಬೈಬೇಡ್ರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟೀಲಿ ಕಲುಷಿತ ನದಿ ಭಾಗ 2018ರಲ್ಲಿ 351 ಇತ್ತು, 2022ರಲ್ಲಿ 311.

ಪ್ರಕಾಶ್: ಕರ್ನಾಟಕದ್ದು 2018ರಲ್ಲೂ 17, 2022ರಲ್ಲೂ 17. ಅದನ್ಯಾಕೆ ನುಂಗ್ತೀರಿ?

ಹರೀಶ್: ನುಂಗೋ ಮಾತು ನಂಗೆ ಹೇಳ್ಬೇಡಿ

ಶೈಲಜಾ: ಇಬ್ರೂ ಸಾಕು. 2020-21ರ ಲೆಕ್ಕ ನೋಡಿ: ದೇಶದ ನಗರಗಳ ಕೊಳಚೆ ದಿನಕ್ಕೆ 72,368 ದಶಲಕ್ಷ ಲೀಟರ್, ಘಟಕ ಕಟ್ಟಿರೋದು 31,841ಕ್ಕೆ, ನಿಜವಾಗ್ಲೂ ಶುದ್ಧ ಆಗ್ತಿದ್ದಿದ್ದು 20,236. ಕಟ್ಟಿ ರಿಬ್ಬನ್ ಕತ್ತರಿಸ್ತಾರೆ, ಆಮೇಲೆ ಕರೆಂಟ್ ಬಿಲ್ ಕಟ್ಟೋರಿಲ್ಲ, ಮನೆಗಳಿಗೆ ಯುಜಿಡಿ (ಒಳಚರಂಡಿ) ಕನೆಕ್ಷನ್ ಇಲ್ಲ.

ನವೀನ್: ಎಸ್‌ಟಿಪಿ ನೀರು ಕುಡೀಬೋದಾ?

ಶೈಲಜಾ: ಇಲ್ಲ.

ನಾಗರಾಜ್: ಕುದಿಸಿ ಕುಡಿದ್ರೆ?

ಶೈಲಜಾ: ಇಲ್ಲ ಅಂದೆ.

ಸವಿತಾ: ಮೇಡಂ ಬಾವಿ ಪ್ರಶ್ನೆ?

ಮಂಜುನಾಥ: 5 ಗಂಟೆಗೆ ಯಾರೂ ಬರಲ್ಲ ಅಂತಿದಾರೆ ಮೇಡಂ, ನಾನೇ ಕ್ಯಾನಲ್ಲಿ ಹಿಡಿದು ಕಳಿಸ್ಲಾ?

ಶೈಲಜಾ: ಕ್ಯಾನ್ ಬೇಡ, ದಾರೀಲೇ ಆಕ್ಸಿಜನ್ ಬದಲಾಗತ್ತೆ. ಹತ್ರದ ಕಾಲೇಜಿನ ಕೆಮಿಸ್ಟ್ರಿಯವ್ರನ್ನ ಕರ್ಕೊಂಡು ಹೋಗಿ, ಡಿಒ ಬಾಟಲಿಗೆ ದಡದಲ್ಲೇ ಕೆಮಿಕಲ್ ಹಾಕಿ ಫಿಕ್ಸ್ ಮಾಡ್ಬೇಕು. ರಿಪೋರ್ಟ್ ನಂಗೆ ಕಳಿಸಿ.

ರೇಖಾ: ಪಟಿಕ ಹಾಕಿದ್ರೆ ಆಗತ್ತಾ ಮೇಡಂ?