ಕಡಿಮೆ ಬೆಲೆಯ ಡಿವಿಡಿ ಪ್ಲೇಯರ್ ಆರಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಮನೆಯ 32 ಇಂಚಿನ ಎಲ್‌ಇಡಿ ಟಿವಿಗೆ ಹೊಂದುವಂತಹ, ಮೂರು ಸಾವಿರ ರೂಪಾಯಿಯೊಳಗಿನ ಡಿವಿಡಿ ಪ್ಲೇಯರ್ ಒಂದನ್ನು ಸೂಚಿಸಬೇಕೆಂದು ಕೋರುತ್ತೇನೆ. ಗುಬ್ಬಿ ಕಡೆಯ ನಮ್ಮೂರ ಜಾತ್ರೆಯಲ್ಲಿ ತಂದೆಯವರು ಭೀಮನ ಪಾತ್ರ ಕಟ್ಟಿದ್ದ ಕುರುಕ್ಷೇತ್ರ ನಾಟಕ, ಅಕ್ಕನ ಮದುವೆ ಇವೆಲ್ಲ ಡಿಸ್ಕ್‌ಗಳಲ್ಲಿ ಮಾತ್ರ ಉಳಿದಿವೆ. ಅವುಗಳಲ್ಲಿ ಕೆಲವು ವಿಸಿಡಿ, ಕೆಲವು ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ-ಆರ್ ಆಗಿರುವುದರಿಂದ, ಎರಡನ್ನೂ ತಡವರಿಸದೆ ಓದುವ ಯಂತ್ರವೇ ಆಗಬೇಕು.

ಟಿವಿಯ ಹಿಂಬದಿಯಲ್ಲಿ ಎರಡು ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ಒಯ್ಯುವ) ಪೋರ್ಟ್‌ಗಳಿವೆ. ಹಳದಿ, ಬಿಳಿ, ಕೆಂಪು ತಂತಿಗಳಿಗೆ ಬೇರೆ ಬೇರೆ ಜಾಗವಿಲ್ಲ, ‘ಎವಿ’ ಎಂದು ಗುರುತಿಸಿದ ಒಂದೇ ಸಣ್ಣ ದುಂಡನೆಯ ರಂಧ್ರವಿದೆ. ಅಂಗಡಿಯಲ್ಲಿ ತೋರಿಸಿದ ಅತಿ ಅಗ್ಗದ ಪ್ಲೇಯರ್‌ನಲ್ಲಿ ಎಚ್‌ಡಿಎಂಐ ಇರಲಿಲ್ಲ. ನಮ್ಮ ದೇಶದಲ್ಲಿ ಬಳಕೆಗೆ ಬಂದ ‘ಪಾಲ್’ ಎಂಬ ಟಿವಿ ಚಿತ್ರ ಪದ್ಧತಿಯ ಡಿವಿಡಿಯ ಚಿತ್ರ ಇರುವುದೇ 576 ಗೆರೆಗಳಲ್ಲಿ. ಆದ್ದರಿಂದ ಅದನ್ನು 1080ಕ್ಕೆ ಹಿಗ್ಗಿಸುತ್ತದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡುವುದು ನನಗೆ ಸರಿಯೆನಿಸುವುದಿಲ್ಲ. ಆದರೂ ಮೂರು ತಂತಿಗಳ ಬದಲು ಎಚ್‌ಡಿಎಂಐ ಬಳಸಿದರೆ, ರಂಗದ ಮಬ್ಬು ಬೆಳಕಿನಲ್ಲಿ ಚಿತ್ರೀಕರಿಸಿದ ಮುಖಗಳು ಸ್ಪಷ್ಟವಾಗುವಷ್ಟು ವ್ಯತ್ಯಾಸ ಕಾಣುತ್ತದೆಯೇ?

ಯುಎಸ್‌ಬಿಗೆ ನಕಲು ಮಾಡಿಕೊಡುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಲೆನ್ಸ್ ಕೆಟ್ಟರೆ ತುಮಕೂರಿನಲ್ಲಿಯೇ ದುರಸ್ತಿಯಾಗುವ ಮಾದರಿಯನ್ನು ಬಳಸುತ್ತಿರುವವರು ದಯವಿಟ್ಟು ಅದರ ಹೆಸರು ಮತ್ತು ಬೆಲೆಯನ್ನು ತಿಳಿಸಿ.