ತಂಗಿ ಬಿಎ ಮಾಡ್ತೀನಿ ಅಂತಾಳ, ಕಡಿಮಿ ಖರ್ಚಿನ್ಯಾಗ ಹೆಂಗ ಓದಸೂದು? ತಿಳಿದವ್ರು ಹೇಳ್ರಿ

ಹಾನಗಲ್_ಅಣ್ಣ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ತಂಗಿ ಈ ವರ್ಷ ಸೆಕೆಂಡ್ ಪಿಯುಸಿ ಆರ್ಟ್ಸ್ ಪಾಸಾಗ್ಯಾಳ, ಡಿಸ್ಟಿಂಕ್ಷನ್ ಬಂದೈತಿ, ಒಂದನೇತ್ತದಿಂದ ಪಿಯುಸಿ ತನಕ ಪೂರಾ ಸರ್ಕಾರಿ ಸಾಲ್ಯಾಗ ಓದಿದಾಕಿ. ಆಕಿಗೆ ಇತಿಹಾಸ ಅಂದ್ರ ಜೀವ. ಹಾನಗಲ್ಲಿಗೆ ಸಂತಿಗೆ ಕರ್ಕೊಂಡು ಹೋದ್ರ ತಾರಕೇಶ್ವರ ಗುಡ್ಯಾಗ ಹೋಗಿ ಶಾಸನದ ಕಲ್ಲಿನ ಮುಂದ ಕುಂತ್ಲಂದ್ರ ಏಳಂಗಿಲ್ಲ, ಅಕ್ಷರ ಒಂದೊಂದ ನೋಟ್‌ಬುಕ್ಕಿನ್ಯಾಗ ಬರ್ಕೋತಾಳ. ಬಿಎ ಮಾಡಿ, ಎಂಎ ಮಾಡಿ, ಲೆಕ್ಚರರ್ ಆಗ್ತೀನಿ ಅಂತಾಳ.

ಮನಿ ಪರಿಸ್ಥಿತಿ ಹೇಳ್ಬೇಕಂದ್ರ ಅಪ್ಪಗ ಎರಡು ಎಕರೆ ಹೊಲ, ಗೋವಿನಜೋಳ ಮತ್ತ ಹತ್ತಿ ಹಾಕ್ತಾನ, ಅವ್ವ ಹೊಲಿಗಿ ಮಾಡ್ತಾಳ, ನಾ ಬೆಂಗಳೂರಾಗ ಗೋಡೌನ್ ಕೆಲಸ ಮಾಡಿ ತಿಂಗಳಾ ಏಳೆಂಟು ಸಾವಿರ ಊರಿಗೆ ಕಳಸ್ತೀನಿ ಅಷ್ಟ. ನಮ್ಮದು ಹಿಂದುಳಿದ ವರ್ಗದ 2ಎ ದಾಗ ಬರ್ತೈತಿ. ಊರಾಗ ಎಲ್ಲಾರೂ ಬಿಎ ಮಾಡಿ ಏನ ಮಾಡ್ತಾಳ, ಬಿಕಾಂ ಹಚ್ಚು, ಇಲ್ಲಾಂದ್ರ ನರ್ಸಿಂಗ್ ಹಚ್ಚು ಅಂತ ಅಪ್ಪನ ತಲಿ ತಿನ್ನಾಕತ್ಯಾರ.

ಧಾರವಾಡದಾಗ ಒಂದು ಪ್ರೈವೇಟ್ ಕಾಲೇಜಿಗೆ ಹೋಗಿ ಕೇಳಿದ್ವಿ, ಬಿಎ ಜೊತಿ ಐಎಎಸ್ ಕೆಎಎಸ್ ಕೋಚಿಂಗೂ ಐತಿ ಅಂತ ವರ್ಷಕ್ಕ 45 ಸಾವಿರ ಹೇಳಿದ್ರು, ಹಾಸ್ಟೆಲ್ ಬ್ಯಾರೆ. ಹಾನಗಲ್ಲಾಗ ಡಿಗ್ರಿ ಕಾಲೇಜ್ ಐತಿ, ಹಾವೇರಿಗೂ ದಿನಾ ಹೋಗಿ ಬರಬಹುದು, ಒಂದು ತಾಸಿನ ದಾರಿ. ನನ್ನ ಪ್ರಶ್ನೆ ಇಷ್ಟ, ಮೂರು ವರ್ಷ ಸಾಲ ಇಲ್ಲದಂಗ ಆಕಿಗೆ ಓದಸಾಕ ಆಗ್ತೈತೇನು? ಯಾವ ಸ್ಕಾಲರ್‌ಶಿಪ್ ಖರೇನ ಕೈಗೆ ಬರ್ತಾವ? ಬರೇ ಫೀ ಕಡಿಮಿ ಅಂತ ಊರ ಹತ್ರ ಹಾಕಿ ಆಕಿ ಓದು ಹಾಳಾಗಬಾರದು ಅನ್ನೂದೂ ಐತಿ.

ಸಮಾಜಶಾಸ್ತ್ರ_ಮೇಷ್ಟ್ರು:

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಅತಿಥಿ ಉಪನ್ಯಾಸಕ, ಹಾಗಾಗಿ ಪ್ರತಿ ವರ್ಷ ಅಡ್ಮಿಷನ್ ಟೈಮಲ್ಲಿ ಇದೇ ಪ್ರಶ್ನೆ ಕೇಳ್ತಾ ಇರ್ತೀನಿ. ಮೊದಲು ಆ 45 ಸಾವಿರದ ವಿಷ್ಯ ಬಿಟ್ಬಿಡಿ. ಬಿಎಗೆ ಕೋಚಿಂಗ್ ಅಂಟಿಸಿ ಮಾರೋದು ಈಗ ಎಲ್ಲಾ ಕಡೆ ನಡೀತಿದೆ. ಯುಪಿಎಸ್‌ಸಿ ಬರೆಯೋಕೆ 21 ವರ್ಷ ಆಗಿರ್ಬೇಕು, ಡಿಗ್ರಿನೂ ಬೇಕು, 18 ವರ್ಷದ ಹುಡುಗಿಗೆ ಈಗ್ಲೇ ಆ ದುಡ್ಡು ಕಟ್ಟೋ ಅಗತ್ಯ ಏನಿದೆ? ಡಿಗ್ರಿ ಮುಗಿದ ಮೇಲೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯವ್ರೇ ಪರೀಕ್ಷೆ ಮಾಡಿ ಆರಿಸಿಕೊಂಡು ಉಚಿತವಾಗಿ ಕೋಚಿಂಗ್ ಕೊಡಿಸ್ತಾರೆ. ಆವಾಗ ಬೇಕಾದ್ರೆ ನೋಡ್ಕೊಳ್ಳಿ.

ಎರಡನೇದು, ಸರ್ಕಾರಿ ಕಾಲೇಜಲ್ಲಿ ಬಿಎ ಫೀ ಅನ್ನೋದು ನಿಮ್ಮ ಸಮಸ್ಯೆನೇ ಅಲ್ಲ. ಕೆಲವೇ ಸಾವಿರ, ಅದ್ರಲ್ಲೂ ಹೆಣ್ಣುಮಕ್ಕಳಿಗೆ ವಿನಾಯಿತಿ ಇದೆ, ಅಡ್ಮಿಷನ್ ಕೌಂಟರಲ್ಲಿ ಏನೇನು ಬಿಡ್ತಾರೆ ಅಂತ ಕೇಳಿ ರಸೀದಿ ತಗೊಳ್ಳಿ. ಮಕ್ಕಳು ಓದು ಬಿಡೋದು ಫೀಗಲ್ಲ, ಬಸ್ಸು, ಊಟ, ರೂಂ ಬಾಡಿಗೆಗೆ. ನನ್ನ ಕ್ಲಾಸಲ್ಲೇ ನೋಡಿದೀನಿ, ಬೆಳಿಗ್ಗೆ ಆರೂವರೆ ಬಸ್ ಹಿಡಿಯೋ ಹುಡುಗಿಯರು ಏನೂ ತಿನ್ನದೆ ಬಂದಿರ್ತಾರೆ, ಹನ್ನೆರಡು ಗಂಟೆ ಪೀರಿಯಡ್ ಹೊತ್ತಿಗೆ ಕಣ್ಣು ಕತ್ತಲೆ ಬಂದು ಡೆಸ್ಕ್ ಮೇಲೆ ತಲೆ ಇಟ್ಬಿಡ್ತಾರೆ, ಮಧ್ಯಾಹ್ನದ ಎರಡು ಪೀರಿಯಡ್ ಬಿಟ್ಟು ಮನೆಗೆ ಹೋಗ್ತಾರೆ, ಅಟೆಂಡೆನ್ಸ್ ಶಾರ್ಟೇಜ್ ಶುರುವಾಗೋದೇ ಅಲ್ಲಿಂದ. ಕೆಲವು ಕಾಲೇಜಲ್ಲಿ ಉಪನ್ಯಾಸಕರು, ದಾನಿಗಳು ಸೇರ್ಕೊಂಡು ಮಧ್ಯಾಹ್ನದ ಊಟ ನಡೆಸ್ತಾರೆ, ಸೇರೋ ಮೊದಲು ಅದನ್ನೂ ವಿಚಾರಿಸಿ.

2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ನಿಮ್ಮ ತಂಗಿಗೆ ಬಸ್ ಖರ್ಚಿಲ್ಲ, ಹಾಗಾಗಿ ಹಾವೇರಿ ಮನೆಯಿಂದ್ಲೇ ಆಗತ್ತೆ. ಆದ್ರೆ ಒಂದು ಕೆಲ್ಸ ಮಾಡಿ, ಯಾವ ಕಾಲೇಜಿಗೇ ಹೋದ್ರೂ ಇತಿಹಾಸ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ ಇದಾರೆ ಅಂತ ಕೇಳಿ. ನಮ್ಮಂಥ ಅತಿಥಿಗಳ ಮೇಲೇ ನಡಿಯೋ ವಿಭಾಗಗಳಲ್ಲಿ ಸೆಮಿಸ್ಟರ್ ಶುರುವಾಗಿ ಎಷ್ಟೋ ದಿನ ಕ್ಲಾಸೇ ಇರಲ್ಲ, ಯಾಕಂದ್ರೆ ನಮ್ಮ ನೇಮಕದ ಆದೇಶ ಬಂದಿರಲ್ಲ. ಇನ್ನೊಂದು, 2024-25ರಿಂದ ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೀವಿ, ಒಂದು ವರ್ಷದ ಖರ್ಚು ಎಕ್ಸ್‌ಟ್ರಾ ಬರುತ್ತೆ ಅನ್ನೋ ಭಯ ಬೇಡ.

ಧಾರವಾಡ_ಮಳಿ:

ಮೇಷ್ಟ್ರು ಹೇಳಿದ್ದು ಬಾಳ ಖರೆ ಐತಿ, ಆದ್ರ ನಾ ಸ್ವಲ್ಪ ಬ್ಯಾರೆ ಹೇಳ್ತೀನಿ ಬ್ಯಾಸರ ಮಾಡ್ಕೋಬ್ಯಾಡ್ರಿ. ಶಾಸನದ ಮುಂದ ಕುಂತು ಅಕ್ಷರ ಬರ್ಕೊಳ್ಳೊ ಹುಡುಗಿನ ದಿನಾ ಎರಡು ತಾಸು ಬಸ್ಸಿನ್ಯಾಗ ಕೂಡಸೂದು ಸರಿ ಅಲ್ಲ ಅಂತ ನನಗ ಅನಸ್ತೈತಿ. ಧಾರವಾಡ ಅಂದ್ರ ಪ್ರೈವೇಟ್ ಒಂದ ಅಲ್ಲ. ಕರ್ನಾಟಕ ಕಾಲೇಜ್ ಐತಿ, 1917ರದ್ದು, ಯೂನಿವರ್ಸಿಟಿದ ಘಟಕ ಕಾಲೇಜು, ಅಲ್ಲಿ ಫೀ ನಿಮಗ ಹೇಳಿದ 45 ಸಾವಿರದ ಹತ್ರನೂ ಬರಂಗಿಲ್ಲ. ಯೂನಿವರ್ಸಿಟಿ ಒಳಗ ಕನ್ನಡ ಸಂಶೋಧನ ಸಂಸ್ಥೆ ಐತಿ, 1939ರಾಗ ಶುರು ಆಗಿದ್ದು, ಶಾಸನ, ಮೂರ್ತಿ, ಹಸ್ತಪ್ರತಿ ಎಲ್ಲಾ ಅಲ್ಲೇ ಅದಾವು. ಅಂಥಾ ಜಾಗಾದಾಗ ಮೂರು ವರ್ಷ ತಿರುಗ್ಯಾಡಿದ್ರ ಎಂಎಗೆ ಬರೂ ಹೊತ್ತಿಗೆ ಆಕಿ ಎಲ್ಲೋ ಇರ್ತಾಳ.

ಖರ್ಚು ಬರೂದು ಇರೂದಕ್ಕ. ಗಂಡು ಹುಡುಗ್ರಿಗೆ ಮುರುಘಾಮಠದಂಥಾ ಮಠದ ಪ್ರಸಾದ ನಿಲಯ ಮೊದಲಿನಿಂದ್ಲೂ ಅದಾವು, ಎಷ್ಟ ಮಂದಿ ಬಡವ್ರು ಅಲ್ಲೇ ಉಂಡು ಓದಿ ದೊಡ್ಡವರಾಗ್ಯಾರ. ಹೆಣ್ಣುಮಕ್ಕಳಿಗೆ ಆ ಅನುಕೂಲ ಬಾಳ ಕಡಿಮಿ, ಇದ್ರ ಬಗ್ಗೆ ಯಾರೂ ಮಾತಾಡಂಗಿಲ್ಲ ಅನ್ನೂದ ನನಗ ಸಿಟ್ಟು. ಹಂಗಾಗಿ ನೀವು ಬಿಸಿಎಂ ಹಾಸ್ಟೆಲ್‌ಗೆ, ಅಂದ್ರ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರ ನಡಸೂ ಹಾಸ್ಟೆಲ್‌ಗೆ, ಟ್ರೈ ಮಾಡ್ರಿ, 2ಎ ಅದೀರಿ, ಮಾರ್ಕ್ಸ್ ಚಲೋ ಅದಾವು. ರೂಮು ಊಟ ಎರಡೂ ಬಿಟ್ಟಿ. ಸಿಕ್ಕ್ರ ಧಾರವಾಡ ಹಾವೇರಿಗಿಂತ ತುಟ್ಟಿ ಏನ ಆಗಂಗಿಲ್ಲ. ಸಿಗದಿದ್ರ ಪಿಜಿ (ಪೇಯಿಂಗ್ ಗೆಸ್ಟ್ ರೂಮು) ಮಾಡಿ ಓದಸ್ಬ್ಯಾಡ್ರಿ, ಪಿಜಿ ಬಾಡಿಗಿನ ನೀವು ಊರಿಗೆ ಕಳಸೂ ರೊಕ್ಕಾ ಎಲ್ಲಾ ನುಂಗ್ತೈತಿ.

ಸುಮಾ_ತಿಪಟೂರು:

ಅಣ್ಣ, ನಾನು ಬಿಸಿಎಂ ಹಾಸ್ಟೆಲ್‌ನಲ್ಲಿ ಇದ್ದೇ ಬಿಎ ಮುಗಿಸಿದ್ದು, ಈಗ ಎಂಎ ಮಾಡ್ತಿದೀನಿ, ಅದಕ್ಕೆ ನನಗೆ ಗೊತ್ತಿರೋದು ಉದ್ದವಾಗೇ ಬರಿತೀನಿ.

ಹಾಸ್ಟೆಲ್ ಅರ್ಜಿ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ ಹಾಕೋದು, ಸ್ಕಾಲರ್‌ಶಿಪ್ ಅರ್ಜಿ ಎಸ್‌ಎಸ್‌ಪಿ ಅಂದ್ರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಎರಡೂ ಬೇರೆ ಬೇರೆ. ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ವಿದ್ಯಾಸಿರಿ ಇದೆ, ಊಟ ವಸತಿಗೆ ಅಂತ ತಿಂಗಳಿಗೆ 1,500ರ ಹಾಗೆ ಹತ್ತು ತಿಂಗಳಿಗೆ 15,000 ಅಂತ ಶುರುವಾದ ಯೋಜನೆ. ಹಾಸ್ಟೆಲ್ ಸಿಕ್ಕೋರಿಗೆ ಅದು ಬರಲ್ಲ. ಆದಾಯ ಮಿತಿ ಪ್ರವರ್ಗದ ಮೇಲೆ ಬೇರೆ ಬೇರೆ ಇರುತ್ತೆ, ಆ ವರ್ಷದ ಪ್ರಕಟಣೆ ನೋಡಿಕೊಂಡು ಹಾಕಿ. ಅಪ್ಪ ರೈತರು ಅಂದ್ರಲ್ಲ, ರೈತ ವಿದ್ಯಾನಿಧಿ ಅಂತ 2021ರಲ್ಲಿ ಶುರುವಾಗಿದ್ದು, ಡಿಗ್ರಿ ಓದೋ ಹುಡುಗಿಯರಿಗೆ ವರ್ಷಕ್ಕೆ 5,500 ಅಂತ ಇಟ್ಟಿದ್ರು, ಅದಕ್ಕೆ ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ನಂಬರ್) ಆಗಿರ್ಬೇಕು, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆದ್ರೆ ಇದನ್ನ ನೆಚ್ಚಿಕೊಂಡು ಲೆಕ್ಕ ಹಾಕ್ಬೇಡಿ, ಬಂದಾಗ ಬಂತು ಅಂತ ಇಟ್ಕೊಳ್ಳಿ.

ನಿಮ್ಮ ತಂಗಿಗೆ ಎಲ್ಲಕ್ಕಿಂತ ಮುಖ್ಯವಾದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸ್ಕಾಲರ್‌ಶಿಪ್. ಹತ್ತನೇ ಕ್ಲಾಸು ಮತ್ತೆ ಪಿಯುಸಿ ಎರಡೂ ಸರ್ಕಾರಿ ಸಂಸ್ಥೆಲಿ ಓದಿ ಡಿಗ್ರಿ ಫಸ್ಟ್ ಇಯರ್ ಸೇರಿರೋ ಹುಡುಗಿಯರಿಗೆ ವರ್ಷಕ್ಕೆ 30,000, ಕೋರ್ಸ್ ಮುಗಿಯೋ ತನಕ. ನೇರ ಅವಳ ಅಕೌಂಟಿಗೆ. ಬಿಎಗೂ ಇದೆ! ಫಸ್ಟ್ ಇಯರ್‌ನಲ್ಲೇ ಅರ್ಜಿ ಹಾಕ್ಬೇಕು, ಬಿಟ್ರೆ ಹೋಯ್ತು. ಕೇಂದ್ರ ಸರ್ಕಾರದ್ದು ಒಂದಿದೆ, ಪಿಯುಸಿಲಿ ಆಯಾ ವಿಭಾಗದ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಬಂದೋರಿಗೆ, ಮನೆ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ರೆ ವರ್ಷಕ್ಕೆ 12,000, ಎನ್‌ಎಸ್‌ಪಿ ಅಂದ್ರೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಆದ್ರೆ ಅದನ್ನ ತಗೊಂಡ್ರೆ ಬೇರೆ ಸ್ಕಾಲರ್‌ಶಿಪ್ ತಗೊಳ್ಳೋ ಹಾಗಿಲ್ಲ, ಹಾಗಾಗಿ ಯಾವುದು ಜಾಸ್ತಿ ಅಂತ ಕೂತು ಲೆಕ್ಕ ಹಾಕಿ ಆಮೇಲೆ ಅರ್ಜಿ ಹಾಕಿ.

ಈಗ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಹೇಳ್ತೀನಿ. ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಲ್ಲಿ ಹೇಳ್ತಾರೆ, ಅದು ಸಾಲಲ್ಲ, ಎನ್‌ಪಿಸಿಐ ಮ್ಯಾಪಿಂಗ್, ಅಂದ್ರೆ ಸರ್ಕಾರದ ದುಡ್ಡು ಯಾವ ಅಕೌಂಟಿಗೆ ಬರಬೇಕು ಅಂತ ಆಧಾರ್‌ಗೆ ಜೋಡಿಸೋದು, ಆಗಿರ್ಬೇಕು. ಎರಡು ಅಕೌಂಟ್ ಇದ್ರೆ ಕೊನೆಗೆ ಮ್ಯಾಪ್ ಆಗಿದ್ದಕ್ಕೆ ದುಡ್ಡು ಹೋಗುತ್ತೆ. ನನ್ನ ರೂಮ್‌ಮೇಟ್ ಒಬ್ಬಳಿಗೆ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರಲ್ಲಿ ಅಪ್ಪನ ಪೂರ್ತಿ ಹೆಸರು ಮುಂದೆ, ಅಷ್ಟಕ್ಕೇ ಇಡೀ ವರ್ಷ ಅರ್ಜಿ ತಳ್ಳಿಸಿಕೊಂಡು ಓಡಾಡಿದ್ಲು. ಜಾತಿ ಆದಾಯ ಸರ್ಟಿಫಿಕೇಟ್ ನಾಡಕಚೇರಿಲಿ ಈಗ್ಲೇ ಮಾಡಿಸಿ, ಹಳೇದಿದ್ರೆ ಅವಧಿ ಮುಗಿದಿದೆಯಾ ನೋಡಿ, ಅದರ ಆರ್‌ಡಿ ನಂಬರ್ ಬರೆದಿಟ್ಕೊಳ್ಳಿ, ಎಲ್ಲಾ ಕಡೆ ಅದನ್ನೇ ಕೇಳ್ತಾರೆ.

ಮತ್ತೆ ಪುಸ್ತಕ. ಬಿಎಗೆ ಗೈಡ್ ತಗೋಬೇಡಿ ಪ್ಲೀಸ್. ಇಗ್ನೋದವ್ರ ಇತಿಹಾಸದ ಪಾಠಗಳು ಇ-ಜ್ಞಾನಕೋಶದಲ್ಲಿ ಪೂರ್ತಿ ಉಚಿತ, ಕಣಜ ಜಾಲತಾಣದಲ್ಲಿ ಕನ್ನಡ ಪುಸ್ತಕಗಳಿವೆ, ಯೂನಿವರ್ಸಿಟಿ ಪ್ರಸಾರಾಂಗದ ಪುಸ್ತಕ ರಿಯಾಯ್ತಿ ಮಾರಾಟ ಇಟ್ಟಾಗ ತಗೊಳ್ಳಿ.

ಹಾನಗಲ್_ಅಣ್ಣ:

ಅಕ್ಕಾ, ಮೇಷ್ಟ್ರೇ, ಧಾರವಾಡದವ್ರೇ, ಇಷ್ಟು ಬರದಿದ್ದಕ್ಕ ಹೆಂಗ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗವಲ್ದು. ಆ 30 ಸಾವಿರದ್ದು ನಮ್ಮ ಕಡೆ ಯಾರೂ ಹೇಳಿದ್ದಿಲ್ಲ, ತಂಗಿಗೆ ಫೋನ್ ಮಾಡಿ ಹೇಳಿದ್ರ ಅತ್ತಬಿಟ್ಲು. ಇನ್ನೊಂದು ಕೇಳ್ತೀನಿ, ಸ್ಕಾಲರ್‌ಶಿಪ್ ಬರೂದು ಯಾವಾಗ? ಅಡ್ಮಿಷನ್ ದಿನ ರೊಕ್ಕಾ ಕಟ್ಟಬೇಕಲ್ಲ. ಮತ್ತ ನಮ್ಮ ಕಾಕಾ ಮೈಸೂರು ಓಪನ್ ಯೂನಿವರ್ಸಿಟಿಗೆ ಹಾಕಿಬಿಡ್ರಿ ಎಲ್ಲಾಕ್ಕಿಂತ ಅಗ್ಗ ಅಂತಾನ, ಮನಿ ಕೆಲಸಾನೂ ಆಗ್ತೈತಿ ಅಂತಾನ.

ಸಮಾಜಶಾಸ್ತ್ರ_ಮೇಷ್ಟ್ರು:

ಬರೋದು ತಡ, ಅದನ್ನ ಮುಚ್ಚಿಡೋದು ಬೇಡ. ಎಷ್ಟೋ ಮಕ್ಕಳಿಗೆ ಮೊದಲ ವರ್ಷದ ದುಡ್ಡು ಎರಡನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಬರುತ್ತೆ. ಅಡ್ಮಿಷನ್‌ಗೆ, ಯೂನಿಫಾರ್ಮ್‌ಗೆ, ಪರೀಕ್ಷೆ ಫೀಗೆ ಅಂತ ಒಂದು ಹತ್ತು ಸಾವಿರ ಕೈಲಿ ಇಟ್ಕೊಂಡೇ ಹೊರಡಿ. ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದುಕೊಟ್ಟು ಕಂತಲ್ಲಿ ಕಟ್ತೀವಿ ಅಂತ ಕೇಳಿ, ಕೇಳಿದ್ರೆ ಬಹಳ ಕಡೆ ಒಪ್ತಾರೆ, ಕೇಳೋಕೆ ಸಂಕೋಚ ಪಟ್ಕೊಂಡು ಸೀಟ್ ಬಿಡೋರೇ ಜಾಸ್ತಿ.

ಓಪನ್ ಯೂನಿವರ್ಸಿಟಿ ಡಿಗ್ರಿ ಕಮ್ಮಿ ಅಂತ ನಾನು ಹೇಳಲ್ಲ. ಮಾನ್ಯತೆ ಇರೋ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್‌ಗೆ ಸಮ ಅಂತ ಯುಜಿಸಿ 2022ರಲ್ಲೇ ಹೇಳಿದೆ. ಕೆಲಸ ಮಾಡ್ತಾ ಓದೋರಿಗೆ, ಮದುವೆಯಾಗಿ ಓದು ನಿಂತೋರಿಗೆ ಅದು ದೊಡ್ಡ ಆಸರೆ. ನಿಮಗೇ ಅದು ಆಗಬಹುದು ನೋಡಿ. ಆದ್ರೆ ನಿಮ್ಮ ತಂಗಿಗೆ ಬೇಡ. 'ಮನೆ ಕೆಲಸಾನೂ ಆಗುತ್ತೆ' ಅನ್ನೋ ಮಾತಲ್ಲೇ ಗೊತ್ತಾಗತ್ತಲ್ಲ, ಮನೆಲಿದ್ರೆ ಮನೆ ಕೆಲಸ ಮಾತ್ರ ಆಗುತ್ತೆ, ಓದಲ್ಲ. ಆ ವಯಸ್ಸಲ್ಲಿ ಲೈಬ್ರರಿ, ಗೆಳತಿಯರು, ಪಾಠದ ಮಧ್ಯೆ ಎದ್ದು ನಿಂತು ಪ್ರಶ್ನೆ ಕೇಳೋ ಧೈರ್ಯ, ಇದೆಲ್ಲಾ ಬೇಕು.

ಲೆಕ್ಕದ_ಪುಸ್ತಕ:

ಮೇಲಿನ ಸಲಹೆ ಎಲ್ಲಾ ಚೆನ್ನಾಗಿದೆ, ಆದ್ರೆ ಒಬ್ಬ ಹುಡುಗಿ ಬಿಎ ಓದೋಕೆ ನಾಲ್ಕು ಪೋರ್ಟಲ್, ಮೂರು ಇಲಾಖೆ, ಒಬ್ಬ ಅಣ್ಣನ ಸಂಬಳ ಬೇಕಾಗಿದೆ ಅನ್ನೋದನ್ನೂ ನಾವು ಮಾತಾಡ್ಬೇಕು. ದುಡ್ಡು ಇಟ್ಟಿಲ್ಲ ಅಂತಲ್ಲ, ಇಟ್ಟ ದುಡ್ಡು ಬೇಕಾದ ತಿಂಗಳಲ್ಲಿ ಬರಲ್ಲ. ಅಡ್ಮಿಷನ್ ಆದ ತಿಂಗಳಲ್ಲೇ ಸ್ಕಾಲರ್‌ಶಿಪ್ಪಿನ ಅರ್ಧ ಕೊಟ್ಟುಬಿಟ್ರೆ ಸಾಕು, ಮೊತ್ತ ಒಂದು ರೂಪಾಯಿ ಜಾಸ್ತಿ ಮಾಡದಿದ್ರೂ ಎಷ್ಟೋ ಮಕ್ಕಳು ಉಳ್ಕೋತಾರೆ. ತಾಲೂಕು ಕೇಂದ್ರಗಳಲ್ಲಿ ಹುಡುಗಿಯರ ಹಾಸ್ಟೆಲ್ ಸೀಟು ಜಾಸ್ತಿ ಆಗ್ಬೇಕು, ಡಿಗ್ರಿ ಕಾಲೇಜಲ್ಲೂ ಮಧ್ಯಾಹ್ನದ ಊಟ ಬರ್ಬೇಕು.

2023ರಲ್ಲಿ ಒಟ್ಟಿಗೆ ಏಳು ಹೊಸ ಯೂನಿವರ್ಸಿಟಿ ಶುರು ಮಾಡಿದ್ರು, ಹಾವೇರಿದೂ ಅದ್ರಲ್ಲೊಂದು. ಹತ್ತಿರದಲ್ಲೇ ಎಂಎ ಸಿಗುತ್ತೆ ಅನ್ನೋದು ಬಡವರ ಮಕ್ಕಳಿಗೆ ಎಷ್ಟು ದೊಡ್ಡ ವಿಷ್ಯ! ಆದ್ರೆ ಅವಕ್ಕೆ ಸರಿಯಾಗಿ ಅನುದಾನ, ಅಧ್ಯಾಪಕರನ್ನ ಕೊಡದಿದ್ರೆ ಪರೀಕ್ಷೆ ಫೀ, ಮಾರ್ಕ್ಸ್ ಕಾರ್ಡ್ ಫೀ ಅಂತ ಮಕ್ಕಳ ಹತ್ರಾನೇ ವಸೂಲಿ ಮಾಡೋ ಪರಿಸ್ಥಿತಿ ಬರುತ್ತೆ. ಇಂಜಿನಿಯರಿಂಗ್ ಸೀಟಿನ ಫೀ ಹೆಚ್ಚಾದ್ರೆ ಪೇಪರ್‌ನಲ್ಲಿ ಮೊದಲ ಪುಟಕ್ಕೆ ಬರುತ್ತೆ, ಬಿಎ ಪರೀಕ್ಷೆ ಫೀ ಹೆಚ್ಚಾದ್ರೆ ಯಾರೂ ಕೇಳಲ್ಲ. ಬಿಎಗೆ ಬರೋರೇ ಹೆಚ್ಚಾಗಿ ಕೂಲಿಯವರ ಮಕ್ಕಳು, ಸಣ್ಣ ರೈತರ ಮಕ್ಕಳು, ಮನೆಲಿ ಮೊದಲು ಕಾಲೇಜ್ ಮೆಟ್ಟಿಲು ಹತ್ತಿದೋರು.

ಹಾನಗಲ್ ಅಣ್ಣಂಗೆ ಒಂದು ಮಾತು, ಅಪ್ಪಂಗೆ ಇದನ್ನ ಹೇಳಿ. ಎಂಎ ಆದ್ಮೇಲೆ ನೆಟ್ (ಲೆಕ್ಚರರ್ ಆಗೋಕೆ ಬರೆಯೋ ಯುಜಿಸಿ ಪರೀಕ್ಷೆ) ಬರೆದು ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಸಿಕ್ರೆ ಪಿಎಚ್‌ಡಿ ಮಾಡೋವಾಗ ತಿಂಗಳಿಗೆ 37,000 ಫೆಲೋಶಿಪ್ ಇದೆ. ಕಷ್ಟದ ಪರೀಕ್ಷೆನೇ, ಆದ್ರೆ ಇತಿಹಾಸ ಓದಿದ್ರೆ ದಾರಿ ಇಲ್ಲ ಅನ್ನೋದು ಸುಳ್ಳು.

ಹಾನಗಲ್_ಅಣ್ಣ:

ಅಪ್ಪನ ಜೊತಿ ನಿನ್ನೆ ರಾತ್ರಿ ಮಾತಾಡಿದೆ, ಈ ಎಲ್ಲಾ ಓದಿ ಹೇಳಿದೆ, ಬಿಕಾಂ ಮಾತು ಬಿಟ್ಟಾನ. ಧಾರವಾಡ ಕರ್ನಾಟಕ ಕಾಲೇಜಿಗೂ ಹಾವೇರಿಗೂ ಎರಡೂ ಕಡೆ ಅರ್ಜಿ ಹಾಕ್ತೀವಿ, ಬಿಸಿಎಂ ಹಾಸ್ಟೆಲ್ ಸಿಕ್ಕ್ರ ಧಾರವಾಡ, ಇಲ್ಲಾಂದ್ರ ಹಾವೇರಿ. ಆಧಾರ್‌ದಾಗ ಹೆಸರು ನೋಡಿದ್ವಿ, ಸುಮಾ ಅಕ್ಕ ಹೇಳಿದಂಗ ಇನಿಷಿಯಲ್ ಬ್ಯಾರೆನ ಐತಿ. ಯಾವುದರಾಗ ತಿದ್ದಸೂದು, ಆಧಾರ್‌ದಾಗೋ ಮಾರ್ಕ್ಸ್ ಕಾರ್ಡಿನ್ಯಾಗೋ?

ಸುಮಾ_ತಿಪಟೂರು:

ಆಧಾರ್‌ನಲ್ಲೇ ತಿದ್ದಿಸಿ ಅಣ್ಣ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮುಟ್ಟೋಕೆ ಹೋಗ್ಬೇಡಿ, ಅದು ವರ್ಷಗಟ್ಟಲೆ ಹಿಡಿಯುತ್ತೆ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ತಗೊಂಡು ಆಧಾರ್ ಸೆಂಟರ್‌ಗೆ ಹೋಗಿ, ಅದರಲ್ಲಿ ಇರೋ ಹಾಗೇ ಅಕ್ಷರಕ್ಕೆ ಅಕ್ಷರ ಹಾಕಿಸಿ. ಅದು ಅಪ್‌ಡೇಟ್ ಆಗಿ ಬಂದ್ಮೇಲೆ ಬ್ಯಾಂಕ್‌ಗೆ ಹೋಗಿ ಅಲ್ಲೂ ಹೆಸರು ಬದಲಾಯಿಸಿ ಮ್ಯಾಪಿಂಗ್ ಮಾಡಿಸಿ, ಆಮೇಲೆ ಎಸ್‌ಎಸ್‌ಪಿ ಓಪನ್ ಮಾಡಿ. ತಂಗಿನ ಜೊತೆಗೇ ಕರ್ಕೊಂಡು ಹೋಗಿ, ಬೆರಳಚ್ಚು ಕೇಳ್ತಾರೆ.